ದುಡಿಯುವ ಹೆಣ್ಣಿನ ನೋವಿಗೆ ಲೆಕ್ಕವೆಲ್ಲಿ?

ಮೇಲೂರು, ಶಿಡ್ಲಘಟ್ಟದ ಸುತ್ತಿನಲ್ಲಿ ಬೆಳಕು ಹರಿಯುವ ಹೊತ್ತಿಗೇ ನೂಲು ಬಿಚ್ಚುವ ಮನೆಗಳ ಒಲೆ ಹೊತ್ತಿರುತ್ತದೆ. ಕುದಿಯುವ ನೀರಿನಲ್ಲಿ ಬೆಂದ ಗೂಡಿನಿಂದ ಎಳೆ ಎತ್ತುವ ಹೆಣ್ಣುಮಕ್ಕಳು ಸಂಜೆಯವರೆಗೆ ಆ ಬಿಸಿನೀರಿನಿಂದ ಕೈ ತೆಗೆಯುವಂತಿಲ್ಲ. ಅವರಲ್ಲಿ ಒಬ್ಬಳು ತಿಂಗಳಿಗೆ ಮೂರು ನಾಲ್ಕು ದಿನ ಕಿಬ್ಬೊಟ್ಟೆ ಹಿಡಿದು ಕುಸಿದರೆ ಪಕ್ಕದವಳು, ‘ಮುಟ್ಟಿನ ನೋವು ತಾನೆ, ಯಾರಿಗಿಲ್ಲ?’ ಎನ್ನುತ್ತಾಳೆ. ಮಾಲೀಕ ಆ ದಿನದ ಕೂಲಿ ಹಿಡಿಯುತ್ತಾನೆ. ಮನೆಗೆ ಬಂದರೆ ಅತ್ತೆ, ‘ನಾವೆಲ್ಲ ಹೆತ್ತು ಹೊತ್ತು ದುಡಿಯಲಿಲ್ಲವೆ?’ ಎಂದು ಕೇಳುತ್ತಾಳೆ. ಈ ಮೂರು ಮಾತುಗಳೂ ಸೇರಿ ಅವಳ ಬಾಯಿ ಕಟ್ಟುತ್ತವೆ.

ಪತ್ರಿಕೆಯ ಅಗ್ರಲೇಖನಕ್ಕೆ ಇದೂ ಒಂದು ವಿಷಯವೆ ಎಂದು ಕೆಲವು ವಾಚಕರು ಹುಬ್ಬು ಗಂಟಿಕ್ಕಬಹುದು. ಕೂಲಿ, ಬೋನಸ್ಸು, ಕೆಲಸದ ಅವಧಿ ಇವು ನಮಗೆ ವಿಷಯವಾದರೆ, ಕೂಲಿಯನ್ನೇ ಕಿತ್ತುಕೊಳ್ಳುವ ಕಾಯಿಲೆ ಏಕೆ ವಿಷಯವಾಗಬಾರದು? ಹೇಳಲು ನಾಚಿಕೆ ಎನ್ನುವುದಾದರೆ, ಆ ನಾಚಿಕೆಯಿಂದ ಲಾಭ ಯಾರಿಗೆ ಎಂಬುದನ್ನೂ ಯೋಚಿಸಬೇಕು.

ಮುಟ್ಟಿನ ನೋವೆಲ್ಲ ಒಂದೇ ಅಲ್ಲ. ಎಂಡೋಮೆಟ್ರಿಯೋಸಿಸ್ ಎಂಬ ಕಾಯಿಲೆಯಲ್ಲಿ ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೆ, ಕರುಳಿನ ಬಳಿ, ಮೂತ್ರಕೋಶದ ಬಳಿ ಬೆಳೆಯುತ್ತದೆ. ಅದರಿಂದ ಒಳಗೆ ಉರಿಯೂತವಾಗಿ ಗಾಯ ಕಟ್ಟಿಕೊಳ್ಳುತ್ತದೆ. ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮುಟ್ಟಿನಲ್ಲಿ ತಾಳಲಾರದ ನೋವು, ಉಳಿದ ದಿನಗಳಲ್ಲೂ ಸೊಂಟ ಮತ್ತು ಹೊಟ್ಟೆಯ ನೋವು, ಮಲಮೂತ್ರ ವಿಸರ್ಜನೆಯಲ್ಲಿ ನೋವು, ದಾಂಪತ್ಯದಲ್ಲಿ ನೋವು, ಸದಾ ಆಯಾಸ ಇವು ಅದರ ಗುರುತುಗಳು. ಕೆಲವರಿಗೆ ಮಕ್ಕಳಾಗುವುದಿಲ್ಲ. ಹೆರುವ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 10 ಮಂದಿಗೆ, ಲೋಕದಲ್ಲಿ ಒಟ್ಟು ಸುಮಾರು 19 ಕೋಟಿ ಮಂದಿಗೆ ಇದು ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಪೂರ್ತಿ ವಾಸಿ ಮಾಡುವ ಮದ್ದು ಇಲ್ಲ. ಆದರೆ ಮಾತ್ರೆಗಳಿಂದ, ಬೇಕಾದಾಗ ಶಸ್ತ್ರಚಿಕಿತ್ಸೆಯಿಂದ ನೋವನ್ನು ಹತೋಟಿಯಲ್ಲಿಡಬಹುದು. ಅದಕ್ಕೆ ಮೊದಲು ಕಾಯಿಲೆ ಇದೆಯೆಂದು ಯಾರಾದರೂ ಒಪ್ಪಬೇಕು. ಆ ಒಪ್ಪಿಗೆ ಸಿಗುವುದಕ್ಕೇ ವರ್ಷಗಳು ಹಿಡಿಯುತ್ತವೆ.

2011ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ನಮ್ಮ ವಾಚಕರ ಮುಂದಿಡುತ್ತೇವೆ. ಹತ್ತು ದೇಶಗಳ 16 ಆಸ್ಪತ್ರೆಗಳಲ್ಲಿ 1,418 ಹೆಂಗಸರನ್ನು ಸಂಶೋಧಕರು ವಿಚಾರಿಸಿದರು. ನೋವು ಶುರುವಾದ ದಿನದಿಂದ ಕಾಯಿಲೆಯ ಹೆಸರು ತಿಳಿಯುವವರೆಗೆ ಸರಾಸರಿ 6.7 ವರ್ಷ ಕಳೆದಿತ್ತು. ಈ ಕಾಯಿಲೆಯವರು ವಾರಕ್ಕೆ ಸರಾಸರಿ 10.8 ಗಂಟೆಗಳ ದುಡಿಮೆಯನ್ನು ಕಳೆದುಕೊಳ್ಳುತ್ತಿದ್ದರು. ಇಲ್ಲಿ ಒಂದು ಮಾತನ್ನು ವಾಚಕರು ಗಮನಿಸಬೇಕು. ಆ ನಷ್ಟದ ಹೆಚ್ಚಿನ ಪಾಲು ರಜೆ ಹಾಕಿ ಮನೆಯಲ್ಲಿ ಉಳಿದದ್ದರಿಂದ ಆದದ್ದಲ್ಲ. ಕೆಲಸಕ್ಕೆ ಬಂದು, ನೋವು ನುಂಗಿಕೊಂಡು ಕೂತು, ಕೈ ಓಡದೆ ಆದದ್ದು. ಯೂರೋಪು ಮತ್ತು ಅಮೆರಿಕದ ಹತ್ತು ದೇಶಗಳಲ್ಲಿ ನಡೆದು 2012ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇದರ ಖರ್ಚಿನ ಲೆಕ್ಕ ಹಾಕಿತು. ಔಷಧಿ ಆಸ್ಪತ್ರೆಗಳ ಖರ್ಚಿಗಿಂತ ದುಡಿಮೆಯ ನಷ್ಟ ಎರಡು ಪಟ್ಟು ದೊಡ್ಡದಾಗಿತ್ತು.

ಹೆಂಗಸರು ನೆಪ ಹೇಳಿ ಕೆಲಸ ತಪ್ಪಿಸುತ್ತಾರೆ ಎಂಬ ಹಳೆಯ ಆರೋಪಕ್ಕೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ. ಅವರು ಕೆಲಸ ತಪ್ಪಿಸುತ್ತಿಲ್ಲ. ತಪ್ಪಿಸಬೇಕಾದ ದಿನವೂ ಬಂದು ಕೂರುತ್ತಿದ್ದಾರೆ. ಆಸ್ಪತ್ರೆ ಕಂಡವರ ಪಾಡೇ ಹೀಗಾದರೆ, ಅರ್ಧ ದಿನದ ಕೂಲಿ ಬಿಟ್ಟು ಆಸ್ಪತ್ರೆಯ ಮೆಟ್ಟಿಲು ಹತ್ತಲಾರದ ನಮ್ಮ ನೂಲು ಬಿಚ್ಚುವ ಹೆಣ್ಣುಮಗಳ ಪಾಡೇನು? ಅವಳು ಆ 1,418ರ ಲೆಕ್ಕದಲ್ಲೂ ಇಲ್ಲ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಗೂಡಿನ ಒಂದೊಂದು ಲಾಟಿಗೂ ತೂಕವುಂಟು, ಬೆಲೆಯುಂಟು, ಚೀಟಿಯುಂಟು. ಗೂಡಿನಿಂದ ನೂಲು ತೆಗೆಯುವವಳ ನೋವಿಗೆ ಮಾತ್ರ ತಕ್ಕಡಿ ಇಲ್ಲ.

ಈಗ ನಮ್ಮ ರಾಜ್ಯದಲ್ಲಿ ನಡೆದುದನ್ನು ನೋಡೋಣ. 2025ರ ಅಕ್ಟೋಬರ್‌ನಲ್ಲಿ ಕರ್ನಾಟಕ ಸಚಿವ ಸಂಪುಟ ದುಡಿಯುವ ಹೆಂಗಸರಿಗೆ ತಿಂಗಳಿಗೊಂದು ದಿನದಂತೆ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಯನ್ನು ಒಪ್ಪಿತು. ನವೆಂಬರ್‌ನಲ್ಲಿ ಆದೇಶ ಹೊರಟಿತು. 18ರಿಂದ 52 ವರ್ಷದವರಿಗೆ, ಖಾಸಗಿ ಕಾರ್ಖಾನೆಗಳಲ್ಲೂ ಇದು ಸಲ್ಲಬೇಕು, ವೈದ್ಯರ ಚೀಟಿ ಕೇಳಕೂಡದು ಎಂದು ಹೇಳಿತು. ಬಿಹಾರ ಸರ್ಕಾರ ತನ್ನ ನೌಕರ ಮಹಿಳೆಯರಿಗೆ ತಿಂಗಳಿಗೆ ಎರಡು ದಿನ ಕೊಟ್ಟದ್ದು 1992ರಲ್ಲಿ. ಮೂವತ್ತಕ್ಕೂ ಹೆಚ್ಚು ವರ್ಷ ತಡವಾದರೂ, ಖಾಸಗಿ ಮಾಲೀಕರ ಬಾಗಿಲವರೆಗೆ ಹೋದದ್ದಕ್ಕಾಗಿ ಈ ಆದೇಶವನ್ನು ನಾವು ಸ್ವಾಗತಿಸುತ್ತೇವೆ. ಡಿಸೆಂಬರ್‌ನಲ್ಲಿ ಹೋಟೆಲ್ ಮಾಲೀಕರ ಸಂಘ ಹೈಕೋರ್ಟಿಗೆ ಹೋಯಿತು. 9ನೆಯ ತಾರೀಖು ತಡೆಯಾಜ್ಞೆ ಬಂದು, ಅದೇ ದಿನ ಅದನ್ನು ಹಿಂದಕ್ಕೆ ಪಡೆಯಲಾಯಿತು. ಒಂದು ದಿನದ ರಜೆಗೂ ಎಷ್ಟು ಹೋರಾಡಬೇಕೆಂಬುದು ಇದರಿಂದ ತಿಳಿಯುತ್ತದೆ.

ಆದರೆ ಸ್ವಾಗತದ ಮಾತಿನಲ್ಲೇ ನಮ್ಮ ಕೆಲಸ ಮುಗಿಯುವುದಿಲ್ಲ. ಆದೇಶ ಹೆಸರಿಸಿದ್ದು ಕಾರ್ಖಾನೆ, ಅಂಗಡಿ, ತೋಟ, ಬೀಡಿ, ಮೋಟಾರು ಸಾರಿಗೆ ಕಾಯಿದೆಗಳ ಕೆಳಗೆ ನೋಂದಣಿಯಾದ ಸಂಸ್ಥೆಗಳನ್ನು. ನಾಲ್ಕೈದು ಜನ ಕೂತು ನೂಲು ಬಿಚ್ಚುವ ಮನೆ ಯಾವ ದಫ್ತರಿನಲ್ಲಿದೆ? ಅದೇ ನವೆಂಬರ್ 21ರಂದು ಕೇಂದ್ರದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ವಿದ್ಯುತ್ ಬಳಸುವ ಕಡೆ 10 ಜನರಿದ್ದರೆ ಕಾರ್ಖಾನೆ ಎಂದಿದ್ದದ್ದು ಈಗ 20 ಆಯಿತು. ವಿದ್ಯುತ್ ಇಲ್ಲದ ಕಡೆ 20 ಇದ್ದದ್ದು 40 ಆಯಿತು. ಒಂದು ಕೈಯಿಂದ ರಜೆ ಕೊಟ್ಟು, ಇನ್ನೊಂದು ಕೈಯಿಂದ ಕಾರ್ಖಾನೆಯ ಬಾಗಿಲನ್ನೇ ಕಿರಿದು ಮಾಡಿದರೆ ಒಳಗೆ ಹೋಗುವವರು ಯಾರು? ಇನ್ನು ದಿನಗೂಲಿಯವಳಿಗೆ, ತೂಕದ ಲೆಕ್ಕದಲ್ಲಿ ಕೂಲಿ ಪಡೆಯುವವಳಿಗೆ, ಮಾಲೀಕನ ಮುಂಗಡ ಹೊತ್ತವಳಿಗೆ ‘ಸಂಬಳ ಸಹಿತ’ ಎಂಬ ಮಾತಿನ ಅರ್ಥವನ್ನು ಯಾರು ಹೇಳುತ್ತಾರೆ?

ಮಾಲೀಕರ ಕಡೆಯ ವಾದವನ್ನೂ ನಾವು ಮರೆತಿಲ್ಲ. ರಜೆ ಕೊಟ್ಟರೆ ಹೆಂಗಸರನ್ನು ಕೆಲಸಕ್ಕೇ ತೆಗೆದುಕೊಳ್ಳಲಾರರು ಎನ್ನುತ್ತಾರೆ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟು ಕೂಡ ಈ ಭಯವನ್ನು ಹೇಳಿ, ನೀತಿ ರೂಪಿಸುವುದು ಸರ್ಕಾರದ ಕೆಲಸ ಎಂದಿತು. ಭಯ ಸುಳ್ಳಲ್ಲ. ಆದರೆ ಇದು ಹೊಸ ಭಯವೂ ಅಲ್ಲ. ಮುಂಬಯಿ ಪ್ರಾಂತದಲ್ಲಿ ಹೆರಿಗೆ ಭತ್ಯೆಯ ಮಸೂದೆ ಬಂದಾಗ ಡಾ. ಅಂಬೇಡ್ಕರ್ ಅವರು 1928ರಲ್ಲಿ ಶಾಸನ ಸಭೆಯಲ್ಲಿ ಅದರ ಪರವಾಗಿ ನಿಂತರು. 1929ರಲ್ಲಿ ಅದು ಕಾಯಿದೆಯಾಯಿತು. 1961ರಲ್ಲಿ ಇಡೀ ದೇಶಕ್ಕೆ ಕಾಯಿದೆ ಬಂತು. ಇವತ್ತು ಹೆರಿಗೆ ರಜೆ ಬೇಡವೆಂದು ಬಹಿರಂಗವಾಗಿ ಹೇಳುವ ಧೈರ್ಯ ಯಾವ ಮಾಲೀಕನಿಗಿದೆ?

ನಮ್ಮ ಸಣ್ಣ ವ್ಯಾಪಾರಿ ಬಂಧುಗಳ ಮಾತು ಬೇರೆ. ಬಟ್ಟೆ ಅಂಗಡಿಯಲ್ಲಿ ಒಬ್ಬಳೇ ಹುಡುಗಿಯನ್ನು ಇಟ್ಟುಕೊಂಡವರು, ‘ಆ ದಿನ ಗಲ್ಲ ಬಿಟ್ಟು ಗಿರಾಕಿಗೆ ಸೀರೆ ಬಿಚ್ಚುವವರು ಯಾರು?’ ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ದೊಡ್ಡ ಗಾರ್ಮೆಂಟ್ಸ್ ಕಂಪನಿಯ ಹೊರೆಯನ್ನೂ ಇವರ ಹೊರೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಕಾಯಿಲೆಯ ಖರ್ಚು ಒಬ್ಬ ಅಂಗಡಿಯವನ ಗಲ್ಲದಿಂದಾಗಲಿ ಒಬ್ಬ ಹೆಂಗಸಿನ ಸೆರಗಿನ ಗಂಟಿನಿಂದಾಗಲಿ ಹೋಗದೆ ವಿಮೆಯ ನಿಧಿಯಿಂದ ಹೋಗಬೇಕು. ಇಎಸ್‌ಐ ಯೋಜನೆಯಲ್ಲಿ ಕಾಯಿಲೆಗೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ನೂರಕ್ಕೆ 70ರಷ್ಟು ಕೊಡುವ ಏರ್ಪಾಡು ಇದೆ. ಅದನ್ನು ಸಣ್ಣ ಅಂಗಡಿಗೂ ನೂಲಿನ ಮನೆಗೂ ವಿಸ್ತರಿಸಿ, ಸರ್ಕಾರ ತನ್ನ ಪಾಲು ಹಾಕಲಿ. ವ್ಯಾಪಾರಿಗಳೂ ಒಂದನ್ನು ನೆನೆಯಬೇಕು: ಅಂಗಡಿಯ ಹಿಂದೆ ಸಂಬಳವಿಲ್ಲದೆ ದುಡಿಯುವ ಹೆಂಡತಿ, ಮಗಳು, ಸೊಸೆ ಇವರಿಗೂ ಹೊಟ್ಟೆ ಇದೆ, ನೋವಿದೆ.

ನೋವಿಗೆ ಕಿವಿಗೊಡದಿದ್ದರೆ ಏನಾಗುತ್ತದೆ ಎಂಬುದನ್ನು ನಾಡು ಕಂಡಿದೆ. ಕಲಬುರಗಿ ಕಡೆಯ ತಾಂಡಾಗಳಲ್ಲಿ ಹೊಟ್ಟೆನೋವು, ಬಿಳಿಸೆರಗು ಎಂದು ಹೋದ ಲಂಬಾಣಿ ಮತ್ತು ದಲಿತ ಹೆಂಗಸರಿಗೆ ಖಾಸಗಿ ಆಸ್ಪತ್ರೆಗಳಲ್ಲಿ ಗರ್ಭಕೋಶವನ್ನೇ ತೆಗೆದುಹಾಕಿದ ಪ್ರಕರಣಗಳು 2015ರ ವಿಚಾರಣೆಯಲ್ಲಿ ಹೊರಬಿದ್ದವು. ಸಂಖ್ಯೆ ಎರಡು ಸಾವಿರ ಮೀರಿತ್ತು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ 2019ರಲ್ಲಿ ಕಬ್ಬು ಕಡಿಯುವ 82,309 ಹೆಂಗಸರನ್ನು ವಿಚಾರಿಸಿದಾಗ 13,861 ಮಂದಿಗೆ ಗರ್ಭಕೋಶ ಇರಲಿಲ್ಲ. ಒಂದು ದಿನ ತಪ್ಪಿದರೆ ಮೇಸ್ತ್ರಿಗೆ ದಂಡ ಕಟ್ಟಬೇಕಾದ ಕಡೆ, ಮುಟ್ಟನ್ನೇ ಕಳೆದುಕೊಳ್ಳುವುದು ಮೇಲೆಂದು ಅವರಿಗೆ ತೋರಿತು. ಎಂಡೋಮೆಟ್ರಿಯೋಸಿಸ್ ಇದ್ದವರಿಗೆ ಗರ್ಭಕೋಶ ತೆಗೆದರೂ ನೋವು ಹೋಗಿಯೇ ಹೋಗುತ್ತದೆಂಬ ಭರವಸೆಯಿಲ್ಲ, ಏಕೆಂದರೆ ಕಾಯಿಲೆ ಇರುವುದು ಅದರ ಹೊರಗೆ. ಗುರುತಿಸದ ಕಾಯಿಲೆಗೆ ಕತ್ತರಿಯೇ ಮದ್ದಾಯಿತು. ಬೇಡದ ಇಂಥ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಯನ್ನು ಜಾರಿಗೆ ತರಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟು ರಾಜ್ಯಗಳಿಗೆ ಆಜ್ಞೆ ಮಾಡಬೇಕಾಯಿತು.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ಮುಟ್ಟಿನ ರಜೆ ನೂಲಿನ ಮನೆಗಳಿಗೂ, ಮನೆಗೆಲಸದವರಿಗೂ, ಹೊಲದ ಕೂಲಿಯವರಿಗೂ ಸಲ್ಲಬೇಕು. ದುಡಿಮೆಯ ನಷ್ಟ ಕೆಲಸದ ಜಾಗದಲ್ಲೇ ಆಗುತ್ತಿರುವುದರಿಂದ ರಜೆಯೊಂದೇ ಸಾಲದು. ಕೂರಲು ಆಸನ, ನೀರಿರುವ ಶೌಚಾಲಯ, ನಡುವೆ ವಿರಾಮ, ನೋವಿನ ದಿನ ಹಗುರ ಕೆಲಸ ಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ‘ಮದುವೆಯಾದರೆ ಸರಿಹೋಗುತ್ತದೆ’ ಎಂದು ಹುಡುಗಿಯರನ್ನು ಸಾಗಹಾಕುವುದು ನಿಲ್ಲಬೇಕು. ಇಎಸ್‌ಐನ ದೀರ್ಘ ಕಾಯಿಲೆಗಳ ಪಟ್ಟಿಗೆ ಇದನ್ನೂ ಸೇರಿಸಬೇಕು. ಚಿಕ್ಕಬಳ್ಳಾಪುರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಅಲ್ಲಿನ ವೈದ್ಯರೂ ವಿಶ್ವವಿದ್ಯಾನಿಲಯಗಳ ಸಮಾಜಶಾಸ್ತ್ರಜ್ಞರೂ ಆಸ್ಪತ್ರೆಯ ಬಾಗಿಲಲ್ಲಿ ಕಾಯದೆ ನೂಲಿನ ಮನೆಗಳಿಗೆ ಬಂದು ವಿಚಾರಿಸಲಿ.

ಅಳದ ಮಗುವಿಗೆ ತಾಯಿಯೂ ಹಾಲು ಕೊಡಳು. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ಹಣಕ್ಕೆ ಕೇಂದ್ರ ಸರ್ಕಾರ ಕೈಹಾಕಿದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಯಾರ ಅಪ್ಪಣೆಗೂ ಕಾಯದೆ ರಸ್ತೆಗಿಳಿದರು, ಆಜ್ಞೆ ವಾಪಸಾಯಿತು. ಅಷ್ಟು ದೊಡ್ಡ ದನಿ ಇರುವವರು ತಮ್ಮ ಮೈಯ ನೋವಿನ ಮಾತನ್ನು ಮಾತ್ರ ಪಿಸುಗುಟ್ಟಬೇಕಾಗಿಲ್ಲ. ಸಂಘದ ಮುಂದಿನ ಸಭೆಯಲ್ಲಿ ಯಾವ ತಂಗಿಯಾದರೂ ಎದ್ದು ಈ ಮಾತು ಎತ್ತಿದರೆ ನಮ್ಮ ಅಣ್ಣತಮ್ಮಂದಿರು ತಲೆ ತಗ್ಗಿಸದೆ, ನಗದೆ, ಅದನ್ನು ನಡವಳಿಕೆಯ ಪುಸ್ತಕದಲ್ಲಿ ಬರೆದುಕೊಳ್ಳಲಿ. ಲೆಕ್ಕ ಅಲ್ಲಿಂದ ಶುರುವಾಗಲಿ.