ಮೊಲ ತಗೊಳ್ಳೋ ಮುಂಚೆ ನಮ್ಮನ್ನೊಮ್ಮೆ ಕೇಳಿ

ನಮ್ಮ ರೂಮಿಗೆ ಬರೋ ಜೂನಿಯರ್‌ಗಳು ಬಾಗಿಲಲ್ಲೇ ನಿಂತು ಕೇಳೋ ಮೊದಲ ಪ್ರಶ್ನೆ: "ಅಣ್ಣಾ, ಇದು ಮೊಲಾನಾ?" ಎರಡನೇ ಪ್ರಶ್ನೆ: "ಎಲ್ಲಿ ಸಿಗುತ್ತೆ, ಎಷ್ಟು?" ಈ ಎರಡನೇ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿ, ಒಂದೇ ಸಲ ಬರೆದುಬಿಡೋಣ ಅಂತ ನಾಲ್ಕೂ ಜನ ಕೂತಿದ್ದೇವೆ. ಉತ್ತರ ಮೊದಲೇ ಹೇಳ್ತೀವಿ: ತಗೋಬೇಡಿ. ಮೊಲ ಕೆಟ್ಟ ಪ್ರಾಣಿ ಅಂತಲ್ಲ. ನಾವು ತಗೊಂಡ ಹಾಗೆ ತಗೋಬೇಡಿ ಅಂತ.

ನಾವು ತಗೊಂಡದ್ದು ಮೂರನೇ ಸೆಮಿಸ್ಟರ್‌ನಲ್ಲಿ, ದಾವಣಗೆರೆಯ ಬಾಡಿಗೆ ಮನೆಗೆ ಬಂದ ಹೊಸದರಲ್ಲಿ. ಭಾನುವಾರ ದೋಸೆ ತಿಂದು ವಾಪಸ್ ಬರುವಾಗ ದಾರಿಯಲ್ಲೊಂದು ಅಂಗಡಿ. ಅಂಗೈ ಮೇಲೆ ಕೂರುವಷ್ಟು ಚಿಕ್ಕ ಬಿಳಿ ಮರಿ, ಕೆಂಪು ಕಣ್ಣು. "ಡ್ವಾರ್ಫ್ ಇದು, ಇಷ್ಟೇ ಇರುತ್ತೆ. ಗಂಡು" ಅಂದರು ಅಂಗಡಿಯವರು. ನಾನೂರು ರೂಪಾಯಿ, ತಲೆಗೆ ನೂರು. ಬೆಣ್ಣೆ ಅಂತ ಹೆಸರಿಟ್ಟೆವು. ಈ ಊರಲ್ಲಿ ಬೇರೆ ಹೆಸರು ಹೊಳೆಯೋದು ಕಷ್ಟ. ಎಂಟು ತಿಂಗಳಾದ ಮೇಲೆ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಕೂರಿಸಿದರೆ 4 ಕೆಜಿ 200 ಗ್ರಾಂ. ಬಾಡಿಗೆ ಕೇಳೋಕೆ ಬಂದ ಓನರ್ ಆಂಟಿ ನೋಡಿ, "ಏನ್ರಪ್ಪಾ, ಮೊಲ ಅಂದಿದ್ರಿ, ಇದು ಕುರಿಮರಿ ಆಗೈತಲ್ಲ!" ಅಂದರು. ಡ್ವಾರ್ಫ್ ಅನ್ನೋದು ಸುಳ್ಳಾಗಿತ್ತು. ಆಮೇಲೆ ಗಂಡು ಅನ್ನೋದೂ ಸುಳ್ಳಾಯ್ತು.

ಇದು ನ್ಯೂಜಿಲೆಂಡ್ ವೈಟ್ ತಳಿ. ಹೆಸರು ನ್ಯೂಜಿಲೆಂಡ್, ಹುಟ್ಟಿದ್ದು ಅಮೆರಿಕದಲ್ಲಿ. ಬೇಗ ಬೆಳೆದು ತೂಕ ಬರಲಿ ಅಂತ ಮಾಂಸಕ್ಕಾಗಿ ಬೆಳೆಸಿದ ಜಾತಿ, ದೊಡ್ಡದಾದರೆ ನಾಲ್ಕರಿಂದ ಐದು ಕೆಜಿ. ನಮ್ಮ ದೇಶದಲ್ಲಿ ಸಾಕಣೆಯಲ್ಲಿರುವ ಸೋವಿಯತ್ ಚಿಂಚಿಲ್ಲಾ, ವೈಟ್ ಜೈಂಟ್, ಗ್ರೇ ಜೈಂಟ್ ಎಲ್ಲವೂ ಇದೇ ಗುಂಪಿನವು. ಕೊಡೈಕೆನಾಲ್ ಹತ್ತಿರದ ಮನ್ನವನೂರಿನಲ್ಲಿ ಇವುಗಳಿಗೆ ಸರ್ಕಾರಿ ಸಂಶೋಧನಾ ಕೇಂದ್ರವೇ ಇದೆ. ಬೆಲ್ಜಿಯಂ ಕಡೆಯ ಫ್ಲೆಮಿಶ್ ಜೈಂಟ್ ಆರೇಳು ಕೆಜಿ ತೂಗುತ್ತೆ. ಇಂಗ್ಲೆಂಡಿನ ಡೇರಿಯಸ್ ಅನ್ನೋ ಮೊಲ 2010ರಲ್ಲಿ 129 ಸೆಂಟಿಮೀಟರ್ ಉದ್ದಕ್ಕೆ ಗಿನ್ನೆಸ್ ದಾಖಲೆ ಮಾಡಿತ್ತು. ಅದರ ಮುಂದೆ ನಮ್ಮ ಬೆಣ್ಣೆ ಇನ್ನೂ ಮಗು. ಅಂದಹಾಗೆ ಇವು ಯಾವುದೂ ನಮ್ಮ ಹೊಲದಲ್ಲಿ ಹಾರುವ ಕಾಡುಮೊಲದ ಸಂತತಿ ಅಲ್ಲ. ಕಾಡುಮೊಲ ಬೇರೆಯೇ ಪ್ರಾಣಿ, ಬಿಲ ತೋಡಲ್ಲ, ಅದರ ಮರಿ ಕಣ್ಣು ತೆರೆದುಕೊಂಡೇ ಹುಟ್ಟುತ್ತೆ. ವನ್ಯಜೀವಿ ಕಾಯ್ದೆಯಡಿ ಅದನ್ನು ಹಿಡಿದು ಸಾಕೋದು ಅಪರಾಧ. ಊರಿಂದ ಮರಿ ತರ್ತೀನಿ ಅಂದ ಜೂನಿಯರ್ ಇದನ್ನ ಓದ್ತಾ ಇರಬೇಕು.

ದೊಡ್ಡದಾಯ್ತು ಅನ್ನೋದು ನಮ್ಮ ದೂರಲ್ಲ. ನಿಜ ಹೇಳಬೇಕೆಂದರೆ ದೊಡ್ಡ ಮೊಲ ಮನೆಯೊಳಗೆ ಬಹಳ ಒಳ್ಳೆ ಜೊತೆಗಾರ. ಮೂಲೆಯಲ್ಲೊಂದು ಪ್ಲಾಸ್ಟಿಕ್ ಟ್ರೇ ಇಟ್ಟು ಹುಲ್ಲು ಹಾಸಿದರೆ ಎರಡು ವಾರದಲ್ಲಿ ಅಲ್ಲೇ ಹೋಗೋದು ಕಲಿತುಬಿಟ್ಟಿತು. ನಮ್ಮಲ್ಲಿ ಒಬ್ಬ ಇನ್ನೂ ಒದ್ದೆ ಟವೆಲ್ಲನ್ನ ಎಲ್ಲಿ ಹಾಕಬೇಕು ಅಂತ ಕಲಿತಿಲ್ಲ. ಖುಷಿಯಾದಾಗ ಗಾಳಿಯಲ್ಲೇ ಮೈ ತಿರುಚಿ ಹಾರುತ್ತೆ. ಕುಕ್ಕರ್ ವಿಷಲ್ ಹಾಕಿದರೆ ಹಿಂಗಾಲಿಂದ ನೆಲಕ್ಕೆ ದಪ್ಪ್ ಅಂತ ಬಡಿದು ನಮಗೆಲ್ಲ ಅಪಾಯದ ಸೂಚನೆ ಕೊಡುತ್ತೆ. ಲ್ಯಾಪ್‌ಟಾಪ್ ಚಾರ್ಜರ್ ಮೂರು ಹೋಗಿವೆ. ಅದಕ್ಕೆ ಹಲ್ಲು ಸಾಯೋವರೆಗೂ ಬೆಳೀತಾನೇ ಇರುತ್ತೆ, ಕಡಿಯದೆ ವಿಧಿಯಿಲ್ಲ. ಈಗ ಮನೆಯ ವೈರ್‌ಗಳೆಲ್ಲ ಪೈಪಿನೊಳಗೆ. ನಾಲ್ಕು ವರ್ಷದ ಇಂಜಿನಿಯರಿಂಗ್‌ನಲ್ಲಿ ನಾವು ಸ್ವಂತವಾಗಿ ಮುಗಿಸಿದ ಏಕೈಕ ಪ್ರಾಜೆಕ್ಟ್ ಅದು.

ನಮ್ಮ ದೂರು ಇರೋದು ಗೂಡಿನ ಬಗ್ಗೆ. ಅಂಗಡಿಯಲ್ಲಿ ಮೊಲದ ಜೊತೆ ಎರಡಡಿ ತಂತಿಗೂಡು ಮಾರ್ತಾರೆ, ನಾವೂ ತಂದಿದ್ದೆವು. ಬ್ರಿಟನ್ನಿನಲ್ಲಿ ಮೊಲಗಳ ಪರ ಕೆಲಸ ಮಾಡೋರು ಒಂದು ಜೋಡಿಗೆ ಕನಿಷ್ಠ 3 ಮೀಟರ್ ಉದ್ದ, 2 ಮೀಟರ್ ಅಗಲದ ಜಾಗ ಬೇಕು ಅಂತಾರೆ. ನಮ್ಮ ಸಿವಿಲ್ ಗೆಳೆಯ ಟೇಪ್ ಹಿಡಿದು ಅಳೆದು, ಅವನ ಹಳೇ ಪಿಜಿಯಲ್ಲಿ ತಲೆಗೆ ಅಷ್ಟು ಜಾಗ ಇರಲಿಲ್ಲ ಅಂತ ತೀರ್ಪು ಕೊಟ್ಟ. ಮೊಲದ ಪಾದಕ್ಕೆ ನಾಯಿ, ಬೆಕ್ಕಿನ ಹಾಗೆ ಮೆತ್ತೆ ಇಲ್ಲ, ಬರೀ ಕೂದಲು. ಭಾರದ ಮೊಲ ತಂತಿ ಮೇಲೆ ದಿನಗಟ್ಟಲೆ ನಿಂತರೆ ಹಿಂಗಾಲಲ್ಲಿ ಹುಣ್ಣಾಗುತ್ತೆ. ಬೆಣ್ಣೆಗೂ ಆಯ್ತು. ಗೂಡನ್ನು ಗುಜರಿಗೆ ಹಾಕಿ ಹಾಲ್‌ನಲ್ಲಿ ಹಳೇ ಚಾಪೆ, ಗೋಣಿತಟ್ಟು ಹಾಸಿದೆವು. "ನಮ್ಮ ಮಾವನ ಮನೇಲಿ ಗೂಡಲ್ಲೇ ಇತ್ತು, ಏನೂ ಆಗಿರಲಿಲ್ಲ" ಅಂತ ಹೇಳೋರು ಸಿಗ್ತಾರೆ. ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ ವಾದ ಮಾಡೋರ ಹತ್ತಿರ ನಾವು ವಾದಕ್ಕೆ ಹೋಗಲ್ಲ. ಹಿಂಗಾಲು ತಿರುಗಿಸಿ ನೋಡಿದ್ರಾ ಅಂತ ಮಾತ್ರ ಕೇಳ್ತೀವಿ.

ಇದೆಲ್ಲ ನಾವು ಕಲಿತದ್ದು ನಾಲ್ಕನೇ ಸೆಮಿಸ್ಟರ್‌ನ ಯುಗಾದಿ ಆದಮೇಲೆ. ಎರಡು ದಿನ ಹಬ್ಬಕ್ಕೆ ಊರಿಗೆ ಹೋಗುವಾಗ ಬಟ್ಟಲು ತುಂಬ ಕ್ಯಾರೆಟ್, ನಾಲ್ಕು ಬಿಸ್ಕೆಟ್, ನೀರು ಇಟ್ಟು ಬಾಗಿಲು ಹಾಕಿಕೊಂಡು ಹೋಗಿದ್ದೆವು. ಮೊಲ ಅಂದ್ರೆ ಕ್ಯಾರೆಟ್ ತಾನೇ, ಕಾರ್ಟೂನಿನಲ್ಲಿ ನೋಡಿಲ್ವಾ? ವಾಪಸ್ ಬಂದಾಗ ಬೆಣ್ಣೆ ಮೂಲೆಯಲ್ಲಿ ಮುದುರಿ ಕೂತು ಹಲ್ಲು ಕಡೀತಿತ್ತು. ಟ್ರೇಯಲ್ಲಿ ಒಂದೇ ಒಂದು ಹಿಕ್ಕೆ ಇಲ್ಲ. ಹಸಿವಾಗಿರಬೇಕು ಅಂತ ಬಾಳೆಹಣ್ಣು ಹಿಡಿದರೆ ಮುಖ ತಿರುಗಿಸಿತು. ಅದು ನೋವಿನ ಲಕ್ಷಣ ಅಂತ ನಮಗೆ ಗೊತ್ತಿರಲಿಲ್ಲ.

ಪಶು ಆಸ್ಪತ್ರೆಗೆ ಎತ್ತಿಕೊಂಡು ಓಡಿದೆವು. ಎಮ್ಮೆ, ಕುರಿಗಳ ಸಾಲಿನಲ್ಲಿ ಟವೆಲ್ ಸುತ್ತಿದ ಮೊಲ. ಡಾಕ್ಟರ್ ಪ್ರಾಮಾಣಿಕವಾಗಿ ಹೇಳಿದರು: "ನಾನು ಮೊಲ ನೋಡಿದ್ದು ಕಡಿಮೆ ಕಣ್ರಪ್ಪಾ, ತಡೀರಿ, ಕೇಳ್ತೀನಿ." ಬೆಂಗಳೂರಿನ ತಮ್ಮ ಸೀನಿಯರ್‌ಗೆ ಫೋನ್ ಮಾಡಿ ಕೇಳಿಕೊಂಡು ನೋವಿಗೆ ಇಂಜೆಕ್ಷನ್, ಚರ್ಮದ ಕೆಳಗೆ ನೀರು ಕೊಟ್ಟರು. ಹಾಗೆ ಕೇಳಿದ್ದಕ್ಕೆ ಅವರಿಗೆ ನಾವು ಇವತ್ತಿಗೂ ಋಣಿಗಳು. ನಮಗೆ, ನಿಮಗೆ ಬರೆದುಕೊಡುವ ಅಮಾಕ್ಸಿಸಿಲಿನ್‌ನಂಥ ಮಾತ್ರೆ ಬಾಯಿಂದ ಕೊಟ್ಟರೆ ಮೊಲ ಸಾಯಬಹುದು ಅಂತ ಅವರೇ ಆಮೇಲೆ ವಿವರಿಸಿದರು. ನಾರಿರುವ ಹುಲ್ಲು ಸದಾ ಒಳಗೆ ಹೋಗ್ತಾ ಇದ್ದರಷ್ಟೇ ಮೊಲದ ಕರುಳು ಚಲಿಸುತ್ತೆ. ಅದಕ್ಕೆ ವಾಂತಿ ಮಾಡೋಕೂ ಬರಲ್ಲ. ಹನ್ನೆರಡು ಗಂಟೆ ಏನೂ ತಿನ್ನದಿದ್ದರೆ ತುರ್ತು ಪರಿಸ್ಥಿತಿ ಅಂತಲೇ ಲೆಕ್ಕ. ಕ್ಯಾರೆಟ್ ಅದಕ್ಕೆ ನಮಗೆ ಜಾಮೂನ್ ಇದ್ದ ಹಾಗೆ. ಊಟದಲ್ಲಿ ನೂರಕ್ಕೆ ಎಂಬತ್ತು ಭಾಗ ಒಣಹುಲ್ಲೇ ಇರಬೇಕು.

ಆ ರಾತ್ರಿ ಪಾಳಿ ಹಾಕಿಕೊಂಡೆವು. ಎರಡು ಗಂಟೆಗೊಮ್ಮೆ ಸೂಜಿ ತೆಗೆದ ಸಿರಿಂಜ್‌ನಲ್ಲಿ ತೆಳ್ಳಗೆ ಕಲಸಿದ ಮೇವು, ಹೊಟ್ಟೆ ಮೆಲ್ಲಗೆ ನೀವೋದು. ಮಾರನೇ ದಿನ ಇಂಟರ್ನಲ್ಸ್ ಇತ್ತು, ಯಾರೂ ಪುಸ್ತಕ ತೆಗೀಲಿಲ್ಲ. ಬೆಳಗಿನ ಐದಕ್ಕೆ ಕಾವಲಿದ್ದವನು ಕಿರುಚಿದ. ಎದ್ದು ಓಡಿ ನೋಡಿದರೆ ಚಾಪೆ ಮೇಲೆ ಮೆಣಸಿನ ಕಾಳಿನಷ್ಟು ಒಂದು ಹಿಕ್ಕೆ. ನಾಲ್ಕು ಜನ ಗಂಡು ಹುಡುಗರು ಹಿಕ್ಕೆಯ ಸುತ್ತ ಕೂತು ಕಣ್ಣು ಒರೆಸಿಕೊಂಡಿದ್ದು ಈ ಲೇಖನ ಬರೋವರೆಗೂ ಹೊರಗೆ ಯಾರಿಗೂ ಗೊತ್ತಿರಲಿಲ್ಲ.

ಅಲ್ಲಿಂದ ಗರಿಕೆ ಕೊಯ್ಯೋದು, ಒಣಗಿಸೋದು, ಹಾಲಿನವರ ಮನೆಯಿಂದ ಮೇವಿನ ಹುಲ್ಲು ತರೋದು ದಿನಚರಿ. ಊರಿಗೆ ನಾಲ್ಕೂ ಜನ ಒಟ್ಟಿಗೆ ಹೋಗಿದ್ದು ಅದೇ ಕೊನೆ. ಏಪ್ರಿಲ್‌ನಲ್ಲಿ ಇಲ್ಲಿ ಬಿಸಿಲು 38 ಡಿಗ್ರಿ ದಾಟುತ್ತೆ. ಮೊಲ ಬೆವರಲ್ಲ, ಕಿವಿಯಿಂದಲೇ ಸೆಖೆ ಬಿಡಬೇಕು. 30 ದಾಟಿದರೇ ಅದಕ್ಕೆ ಕಷ್ಟ. ಮಂಜುಗಟ್ಟಿಸಿದ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡ್ತೀವಿ, ಕರೆಂಟ್ ಹೋದರೆ ಒಬ್ಬ ಬೀಸಣಿಗೆ ಹಿಡೀತಾನೆ. ಹೆಣ್ಣು ಅಂತ ಗೊತ್ತಾದ ಮೇಲೆ ಆಪರೇಷನ್ ಮಾಡಿಸಿದೆವು, ಯಾಕಂದ್ರೆ ವಯಸ್ಸಾದ ಹೆಣ್ಣು ಮೊಲಗಳಿಗೆ ಗರ್ಭಕೋಶದ ಕ್ಯಾನ್ಸರ್ ಬರೋದು ಬಹಳ ಸಾಮಾನ್ಯ. ಬೆಂಗಳೂರಿಗೆ ಹೋಗಿಬಂದ ಖರ್ಚು ಸೇರಿ ಅದರ ಬೆಲೆಯ ಇಪ್ಪತ್ತು ಪಟ್ಟು ಆಯ್ತು.

ಅದಕ್ಕೇ ನಮ್ಮ ಮಾತು: ಹಾಸ್ಟೆಲ್, ಪಿಜಿ ವರ್ಷಗಳಲ್ಲಿ ಮರಿ ತರಬೇಡಿ. ಸಾಕಲೇಬೇಕು ಅನ್ನೋ ಆಸೆ ನಿಜವಾಗಿದ್ದರೆ, ಮನೆ, ಸಂಬಳ ಎರಡೂ ನಿಂತ ಮೇಲೆ, ಯಾರೋ ಬೇಡ ಅಂತ ಬಿಡೋಕೆ ಹೊರಟಿರೋ ದೊಡ್ಡ ಮೊಲವನ್ನೇ ತನ್ನಿ. ಎಷ್ಟು ದೊಡ್ಡದಾಗುತ್ತೆ ಅನ್ನೋ ಮೋಸ ಅಲ್ಲಿ ಇರಲ್ಲ, ಗಂಡೋ ಹೆಣ್ಣೋ ಅಂತಲೂ ಗೊತ್ತಿರುತ್ತೆ. ಆದರೆ ಜೋಡಿಯನ್ನೇ ತನ್ನಿ, ಒಂಟಿ ಮೊಲಕ್ಕೆ ಬೇಜಾರು. ನಾವು ಅದನ್ನೂ ಮಾಡಲಿಲ್ಲ.

ಈ ತಳಿ ಎಂಟು ಹತ್ತು ವರ್ಷ ಬದುಕುತ್ತೆ. ಬೆಣ್ಣೆಗೆ ಈಗ ಎರಡೂವರೆ. ನಮಗೆ ಇದು ಎಂಟನೇ ಸೆಮಿಸ್ಟರ್. ಒಬ್ಬನಿಗೆ ಪುಣೆ, ಇಬ್ಬರಿಗೆ ಇನ್ನೂ ಏನೂ ಆಗಿಲ್ಲ, ಅವರ ಊರಿನ ಮನೆಗಳಲ್ಲಿ ನಾಯಿಗಳಿವೆ. ಬೆಂಗಳೂರಿನ ಆಫರ್ ಸಿಕ್ಕವನು ಪಿಜಿ ಬೇಡ, ಬಾಡಿಗೆ ಹೆಚ್ಚಾದ್ರೂ ಮನೆಯನ್ನೇ ಮಾಡ್ತೀನಿ ಅಂದಿದ್ದಾನೆ, ಮೇಲಿನ ದುಡ್ಡನ್ನು ಉಳಿದ ಮೂವರು ಹಂಚಿಕೊಳ್ಳಬೇಕು ಅಂತ ಮಾತಾಗಿದೆ. ಪ್ರತಿ ಶನಿವಾರ ಓನರ್‌ಗಳಿಗೆ ಫೋನ್ ಮಾಡಿ ಮೊದಲೇ ಹೇಳ್ತೀವಿ: ಬ್ಯಾಚುಲರ್ ಒಬ್ಬ, ಮೊಲ ಒಂದು, ನಾಲ್ಕು ಕೆಜಿ. ಇಲ್ಲಿಯವರೆಗೆ ಆರು ಮನೆಯವರು ಆಗಲ್ಲ ಅಂದಿದ್ದಾರೆ. ಜೂನ್‌ವರೆಗೆ ಸಮಯ ಇದೆ.