ಖಳನಿಲ್ಲದ ಕಥೆ

ಬಣ್ಣದ ಬೊಂಬೆಗಳು ಓಡಾಡುವ ಚಿತ್ರಗಳೆಲ್ಲ ಮಕ್ಕಳ ವಿನೋದಕ್ಕಾಗಿಯೇ ಇರತಕ್ಕವು ಎಂಬ ಅಭಿಪ್ರಾಯವು ನಮ್ಮಲ್ಲಿ ಬಲವಾಗಿ ಬೇರೂರಿದೆ. ದ್ವಿತೀಯ ಬಿ. ಎ. ತರಗತಿಯಲ್ಲಿ ಓದುವ ಹುಡುಗಿಯೊಬ್ಬಳು ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲಿನಲ್ಲಿ ಕುಳಿತು, ಅಂಥ ಚಿತ್ರವೊಂದನ್ನು ಮೊಬೈಲಿನಲ್ಲಿ ನೋಡುತ್ತ ಕಣ್ಣೊರಸಿಕೊಂಡರೆ ಎದುರಿಗೆ ಕುಳಿತ ಹಿರಿಯರು ನಗದೆ ಇರುವರೆ? ನನ್ನನ್ನು ಕಂಡು ನಕ್ಕರು. ಆ ನಗೆಗೆ ಅಂದು ನಾನು ಉತ್ತರ ಕೊಡಲಾರದೆ ಹೋದೆ. ಈ ಪುಟ್ಟ ಲೇಖನವೇ ಅದಕ್ಕೆ ನನ್ನ ವಿನಯಪೂರ್ವಕವಾದ ಉತ್ತರವೆಂದು ವಾಚಕರು ಭಾವಿಸಬೇಕು.

ನಾನು ನೋಡುತ್ತಿದ್ದುದು ‘ಆರ್ಕೇನ್’ ಎಂಬ ಧಾರಾವಾಹಿ. ಪ್ಯಾರಿಸ್ ನಗರದ ಫೋರ್ಟೀಶ್ ಎಂಬ ಚಿತ್ರಶಾಲೆಯವರು ಒಂದು ಕಂಪ್ಯೂಟರ್ ಆಟದ ಪಾತ್ರಗಳನ್ನು ಆಧರಿಸಿ ರಚಿಸಿದ ಕೃತಿಯಿದು. 2021ರಲ್ಲಿ ಇದರ ಮೊದಲ ಭಾಗವೂ, 2024ರಲ್ಲಿ ಎರಡನೆಯ ಭಾಗವೂ ಹೊರಬಂದವು. ಒಟ್ಟು ಹದಿನೆಂಟು ಸಂಚಿಕೆಗಳು. ಹೋಗುವಾಗ ಅರ್ಧ, ಬರುವಾಗ ಅರ್ಧ ನೋಡಿ ಮೂರು ವಾರಗಳಲ್ಲಿ ಮುಗಿಸಿದೆ.

ಕಥೆಯ ಸಾರ ಇಷ್ಟು: ನದಿಯ ಒಂದು ದಡದಲ್ಲಿ ಪಿಲ್ಟೋವರ್ ಎಂಬ ಸಂಪದ್ಭರಿತ ನಗರ. ಇನ್ನೊಂದು ದಡದಲ್ಲಿ, ಕೆಳಗೆ, ವಿಷದ ಹೊಗೆ ತುಂಬಿದ ಕೇರಿಗಳು. ಈ ಕೆಳಗಿನ ಊರಿನ ಜನ ದಂಗೆಯೆದ್ದು ಸೇತುವೆಯ ಮೇಲೆ ಸತ್ತರು. ದಂಗೆಯ ಮುಂದಾಳಾಗಿದ್ದ ವ್ಯಾಂಡರ್ ಎಂಬವನು ಆ ಹೆಣಗಳ ನಡುವೆ ತಬ್ಬಲಿಗಳಾದ ಅಕ್ಕತಂಗಿಯರಿಬ್ಬರನ್ನು ಕಂಡು, ಆಯುಧವನ್ನು ಅಲ್ಲಿಯೇ ಕಳಚಿಟ್ಟು, ಅವರನ್ನು ಎತ್ತಿಕೊಂಡು ಹಿಂದಿರುಗಿದನು. ಅಂದಿನಿಂದ ಮೇಲಿನವರೊಡನೆ ರಾಜಿ ಮಾಡಿಕೊಂಡು ಬದುಕಿದನು. ಅವನಿಗೆ ಒಡಹುಟ್ಟಿದವನಂತಿದ್ದ ಸಿಲ್ಕೋ ರಾಜಿಗೆ ಒಪ್ಪಲಿಲ್ಲ. ಕೇರಿಗಳಿಗೆ ಸ್ವಾತಂತ್ರ್ಯ ಬೇಕೆಂದು ಹಟ ಹಿಡಿದು, ಅದಕ್ಕಾಗಿ ತನ್ನ ಜನಕ್ಕೇ ಮಾದಕ ವಸ್ತುವನ್ನು ಮಾರಿ ಬಲ ಕೂಡಿಸಿದನು. ಮುಂದೆ ಅಕ್ಕನಾದ ವೈ ಸೆರೆಮನೆಯ ಪಾಲಾಗುತ್ತಾಳೆ. ತಂಗಿ ಪೌಡರ್ ಆ ಸಿಲ್ಕೋವಿನ ಮಡಿಲಲ್ಲೇ ಬೆಳೆದು, ಜಿಂಕ್ಸ್ ಎಂಬ ಹೆಸರಿನಿಂದ ಭಯಂಕರಳಾಗುತ್ತಾಳೆ.

ಇಲ್ಲಿ ಖಳನು ಯಾರು? ನನಗೆ ಸಿಲ್ಕೋವಿನ ಮೇಲೆ ಮೊದಲ ವಾರವೆಲ್ಲ ಕೋಪವಿತ್ತು. ಆದರೆ ಜಿಂಕ್ಸಳನ್ನು ಒಪ್ಪಿಸಿದರೆ ನಿನ್ನ ಜನಕ್ಕೆ ಸ್ವಾತಂತ್ರ್ಯ ಕೊಡುತ್ತೇವೆ ಎಂದು ಮೇಲಿನವರು ಹೇಳಿದಾಗ, ಬಾಳೆಲ್ಲ ಹಂಬಲಿಸಿದ್ದ ಫಲ ಕೈಗೆ ಬಂದಿದ್ದರೂ ಆತ ಮಗಳನ್ನು ಬಿಟ್ಟುಕೊಡಲಿಲ್ಲ. ಮೇಲಿನ ನಗರದ ಜೇಸ್ ಎಂಬ ಸಜ್ಜನನೋ, ನ್ಯಾಯ ಸ್ಥಾಪಿಸಲೆಂದು ಹೋಗಿ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಬಾಲಕನೊಬ್ಬನ ಸಾವಿಗೆ ಕಾರಣನಾಗುತ್ತಾನೆ. ಕರುಣೆಯುಳ್ಳ ಕೇಟ್ಲಿನ್ ಎಂಬವಳು ತಾಯಿಯನ್ನು ಕಳೆದುಕೊಂಡ ದುಃಖದಲ್ಲಿ, ಕೇರಿಯ ಜನ ಉಸಿರಾಡಲೆಂದು ತನ್ನ ಮನೆತನದವರೇ ಕಟ್ಟಿಸಿದ ಗಾಳಿಕೊಳವೆಗಳಲ್ಲಿ ವಿಷದ ಹೊಗೆಯನ್ನು ಹಾಯಿಸುತ್ತಾಳೆ. ಒಳ್ಳೆಯವರು ಕೆಟ್ಟದ್ದನ್ನು ಮಾಡುವ ಬಗೆಯನ್ನೂ, ಕೆಟ್ಟವನೆನಿಸಿಕೊಂಡವನಲ್ಲಿ ಉಳಿದಿರುವ ಒಳ್ಳೆಯದನ್ನೂ ಈ ಕಥೆ ಮರೆಮಾಚದೆ ತೋರಿಸುತ್ತದೆ.

ಇದಕ್ಕೆ ನಮ್ಮ ತರಗತಿಯ ಮಿತ್ರರೊಬ್ಬರು ಆಕ್ಷೇಪವೆತ್ತಿದರು. ಎಲ್ಲರಲ್ಲಿಯೂ ತಪ್ಪೂ ಉಂಟು ಒಪ್ಪೂ ಉಂಟು ಎಂದು ಬಿಟ್ಟರೆ ಯುವಕರಿಗೆ ಧರ್ಮಾಧರ್ಮಗಳ ವಿವೇಕ ಹೇಗೆ ಬಂದೀತು? ರಾವಣನು ರಾವಣನಾಗಿಯೇ ಇರಬೇಡವೆ? ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಕನ್ನಡ ಸಾಹಿತ್ಯವನ್ನು ಐಚ್ಛಿಕವಾಗಿ ಓದುತ್ತಿರುವ ನಮಗೆ ಇದರ ಉತ್ತರ ಪಠ್ಯದಲ್ಲಿಯೇ ಇದೆ. ಹತ್ತನೆಯ ಶತಮಾನದ ಪಂಪನ ಕರ್ಣನು, ತಾನು ಕುಂತಿಯ ಮಗನೆಂದು ತಿಳಿದ ಮೇಲೂ, ಅನ್ನವಿಟ್ಟವನನ್ನು ತೊರೆದು ಬರಲಿಲ್ಲ. ರನ್ನನ ದುರ್ಯೋಧನನು ರಣರಂಗದಲ್ಲಿ ಹಗೆಯ ಮಗನಾದ ಅಭಿಮನ್ಯುವಿನ ಶವವನ್ನು ಕಂಡು ಅವನ ಶೌರ್ಯವನ್ನು ಕೊಂಡಾಡುತ್ತಾನೆ. ನಾಗಚಂದ್ರನ ರಾವಣನು ಸೀತೆಯ ದೃಢತೆಯನ್ನು ಕಂಡು ಮನಸ್ಸಿನಲ್ಲಿ ಪರಿವರ್ತನೆ ಹೊಂದುತ್ತಾನೆ. ಈ ಕವಿಗಳು ಅಧರ್ಮವನ್ನು ಧರ್ಮವೆಂದು ಎಲ್ಲಿಯಾದರೂ ಹೇಳಿದರೆ? ದುರ್ಯೋಧನನ ತೊಡೆ ಮುರಿಯಿತು; ರಾವಣನು ಮಡಿದನು. ತೀರ್ಪು ಬದಲಾಗಲಿಲ್ಲ. ತೀರ್ಪನ್ನು ಕೇಳುವ ನಮ್ಮ ಎದೆ ಬದಲಾಯಿತು. ಸಾವಿರ ವರ್ಷಗಳಿಂದ ಇಂಥ ಕಥೆಗಳನ್ನು ಕೇಳಿಕೊಂಡು ಬಂದ ಕನ್ನಡಿಗರು ವಿವೇಕಭ್ರಷ್ಟರಾಗಲಿಲ್ಲವಷ್ಟೆ.

ಈಗ ನನ್ನ ನಿಜವಾದ ಕಾರಣಕ್ಕೆ ಬರುತ್ತೇನೆ. ಈ ಕಥೆಯ ಗಣಿಗಳೂ ಹೊಗೆಯೂ ಕೆ. ಜಿ. ಎಫ್.ನಲ್ಲಿ ಓದುವವರಿಗೆ ಪರದೇಶದವೆಂದು ತೋರಲಾರವು. ವ್ಯಾಂಡರನೂ ಸಿಲ್ಕೋವೂ ಒಂದು ಕಾಲದಲ್ಲಿ ಗಣಿಯಲ್ಲಿ ಜೊತೆಯಾಗಿ ದುಡಿದವರು. ವೈ ಕೈಗೆ ತೊಡುವ ಯಂತ್ರದ ಕವಚಗಳು ಮೂಲತಃ ಗಣಿಗಾರರಿಗಾಗಿ ಮಾಡಿದವು. ನಮ್ಮ ಊರಿನಲ್ಲಿ ಜಾನ್ ಟೇಲರ್ ಕಂಪೆನಿಯವರು 1880ರಲ್ಲಿ ಕಾಲಿಟ್ಟ ಮೇಲೆ ಗಣಿಗಳು ಭೂಮಿಯೊಳಕ್ಕೆ ಮೂರು ಸಾವಿರ ಮೀಟರುಗಳಿಗೂ ಮಿಕ್ಕು ಇಳಿದವು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊಟ್ಟಮೊದಲು ಬಂದುದು ಈ ಗಣಿಗಳಿಗೆ. ಬೆರಳಚ್ಚು ಒತ್ತಿಸಿಕೊಳ್ಳುವುದರ ವಿರುದ್ಧ 1930ರಲ್ಲಿ ಕಾರ್ಮಿಕರು ಮುಷ್ಕರ ಹೂಡಿದ್ದೂ ಇಲ್ಲಿಯೇ. 2001ರ ಫೆಬ್ರವರಿ ತಿಂಗಳ ಕೊನೆಯ ದಿನ ಗಣಿಗಳು ಮುಚ್ಚಿದವು. ಸೈನೈಡ್ ದಿಬ್ಬಗಳು ಮಾತ್ರ ಉಳಿದುವು.

ಆ ದಿಬ್ಬಗಳ ಮೇಲೆ ಚಿತ್ರಿಸಿದ ‘ಕೆ. ಜಿ. ಎಫ್.’ ಚಲನಚಿತ್ರವು 2018ರಲ್ಲಿಯೂ, ಅದರ ಎರಡನೆಯ ಭಾಗವು 2022ರಲ್ಲಿಯೂ ತೆರೆಕಂಡು ನಮ್ಮ ಊರಿನ ಹೆಸರನ್ನು ಲೋಕದಲ್ಲೆಲ್ಲ ಹರಡಿದವು. ಸಂತೋಷ. ಆದರೆ ಅದರಲ್ಲಿ ಗುಲಾಮರಿದ್ದಾರೆ, ರಾಕ್ಷಸರಿದ್ದಾರೆ, ಒಬ್ಬ ಮಹಾವೀರನಿದ್ದಾನೆ. ಸಂಘ ಕಟ್ಟಿದವರೂ, ಸಂಬಳದ ದಿನ ಸಂತೆಗೆ ಹೋದವರೂ, ಒಂದು ಕಾಗದಕ್ಕೆ ಸಹಿ ಹಾಕಲೋ ಬೇಡವೋ ಎಂದು ರಾತ್ರಿಯೆಲ್ಲ ನಿದ್ದೆಗೆಟ್ಟವರೂ ಇಲ್ಲ. ನನ್ನ ತಾತ ಅಂಥವರಲ್ಲಿ ಒಬ್ಬರು.

ತಾತ ಬಂಗಾರಪೇಟೆಯಿಂದ ದಿನವೂ ರೈಲಿನಲ್ಲಿ ಹೋಗಿ ಗಣಿಯಲ್ಲಿ ದುಡಿದವರು. ಅವರ ಜೊತೆಗಾರರೊಬ್ಬರು ಲೈನ್ ಮನೆಯಲ್ಲಿದ್ದ ತಮಿಳರು. ಇವರ ಕನ್ನಡ ಅವರಿಗೆ ಅರ್ಧ, ಅವರ ತಮಿಳು ಇವರಿಗೆ ಅರ್ಧ. ಊಟದ ಡಬ್ಬಿ ಮಾತ್ರ ಇಬ್ಬರಿಗೂ ಒಂದೇ. ಗಣಿ ಮುಚ್ಚಿದಾಗ ತಾತ ಪರಿಹಾರದ ಹಣವನ್ನು ಒಪ್ಪಿ ಸಹಿ ಹಾಕಿದರು. ಮನೆಯಲ್ಲಿ ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳಿದ್ದರು. ಜೊತೆಗಾರರು ಸಹಿ ಹಾಕದೆ, ನ್ಯಾಯಾಲಯಕ್ಕೆ ಹೋದವರ ಪಕ್ಷದಲ್ಲಿ ನಿಂತರು. ಆಮೇಲೆ ಇವರಿಬ್ಬರೂ ಮಾತಾಡಲಿಲ್ಲ. ನಮ್ಮ ಮನೆಯಲ್ಲಿ ಆ ಮನುಷ್ಯನಿಗೆ ‘ಹಟಮಾರಿ’ ಎಂದೇ ಹೆಸರು. ಹೆಂಡತಿ ಮಕ್ಕಳನ್ನು ನಡುನೀರಿನಲ್ಲಿ ಕೈಬಿಟ್ಟವನೆಂದು ಕೇಳಿಕೊಂಡೇ ನಾನು ಬೆಳೆದೆ. ಆ ಮನೆಯಲ್ಲಿ ನನ್ನ ತಾತನಿಗೆ ಯಾವ ಹೆಸರಿತ್ತೋ, ಅದನ್ನು ಊಹಿಸುವ ಗೋಜಿಗೆ ನಾನು ಎಂದೂ ಹೋಗಿರಲಿಲ್ಲ.

ವ್ಯಾಂಡರನನ್ನೂ ಸಿಲ್ಕೋವನ್ನೂ ಕಂಡ ಮೇಲೆ ಊಹಿಸಿದೆ. ಆ ಜೊತೆಗಾರರು ಸಿಲ್ಕೋವಿನಂತೆ ಯಾರಿಗೂ ವಿಷವುಣಿಸಿದವರಲ್ಲ. ಹೋಲಿಕೆ ಇಷ್ಟೇ: ಒಬ್ಬನು ಮಕ್ಕಳ ಮುಖ ನೋಡಿ ರಾಜಿಯಾದನು, ಇನ್ನೊಬ್ಬನು ಸತ್ತವರ ಮುಖ ನೆನೆದು ರಾಜಿಯಾಗಲಿಲ್ಲ. ಒಂದು ಸಂಜೆ ಧೈರ್ಯಮಾಡಿ ತಾತನನ್ನು ಕೇಳಿದೆ: “ತಾತಾ, ಅವರು ಯಾಕೆ ನಿಮ್ಮ ಜೊತೆ ಮಾತು ಬಿಟ್ಟರು?”

ತಾತ ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: “ಅವನೆಲ್ಲಮ್ಮ ಬಿಟ್ಟ? ನಾನೇ ಬಿಟ್ಟಿದ್ದು. ಸಹಿ ಹಾಕಿದ ಮೇಲೆ ಅವನ ಮುಖ ನೋಡೋಕೆ ನನಗಾಗಲಿಲ್ಲ. ಎರಡು ಸಲ ನಮ್ಮ ಮನೆ ತನಕ ಬಂದಿದ್ದ. ಇಲ್ಲ ಅಂತ ಹೇಳಿಸಿ ಕಳಿಸಿಬಿಟ್ಟೆ.”

ತಾತನ ಮೇಲಿನ ನನ್ನ ಪ್ರೀತಿ ಇದರಿಂದ ಕುಗ್ಗಲಿಲ್ಲ. ಅವರು ಸಹಿ ಹಾಕದಿದ್ದರೆ ನನ್ನ ತಾಯಿಯ ಮದುವೆ ಆಗುತ್ತಿತ್ತೋ ಇಲ್ಲವೋ, ನಾನು ಈ ಕಾಲೇಜಿನ ಮೆಟ್ಟಿಲು ಹತ್ತುತ್ತಿದ್ದೆನೋ ಇಲ್ಲವೋ ತಿಳಿಯದು. ಆದರೆ ಇಪ್ಪತ್ತು ವರ್ಷಗಳಿಗೂ ಮಿಕ್ಕು ನಮ್ಮ ಮನೆ ಒಬ್ಬ ಮನುಷ್ಯನನ್ನು ಖಳನ ಸ್ಥಾನದಲ್ಲಿ ಕೂಡಿಸಿತ್ತು. ನಮ್ಮ ನಾಚಿಕೆಯನ್ನು ಮುಚ್ಚಿಕೊಳ್ಳಲು ನಮಗೊಬ್ಬ ಖಳ ಬೇಕಾಗಿತ್ತು ಎಂದು ಈಗ ತೋರುತ್ತದೆ.

ಈ ಧಾರಾವಾಹಿಯಲ್ಲಿ ದೋಷವಿಲ್ಲವೆಂದು ನಾನು ಹೇಳುವುದಿಲ್ಲ. ಎರಡನೆಯ ಭಾಗದಲ್ಲಿ ಹೊರಗಿನ ಸೈನ್ಯವೂ ಮಂತ್ರಶಕ್ತಿಯೂ ನುಗ್ಗಿ, ಎರಡು ಊರುಗಳ ನಡುವಣ ಮೂಲ ಜಗಳ ಮೂಲೆಗುಂಪಾಗುತ್ತದೆ. ಕಡೆಗೆ ಕೇರಿಯವಳೊಬ್ಬಳಿಗೆ ನಗರಸಭೆಯಲ್ಲಿ ಒಂದು ಪೀಠ ದೊರೆತಲ್ಲಿಗೆ ಅನ್ಯಾಯದ ಪ್ರಶ್ನೆ ಮುಗಿಯಿತೆಂಬಂತೆ ಕಥೆ ಅವಸರಪಡುತ್ತದೆ. ಎಲ್ಲರನ್ನೂ ಅರಿತುಕೊಳ್ಳಬೇಕೆಂಬ ಮಾತು, ಯಾರನ್ನೂ ಕೇಳಬಾರದೆಂಬ ಮಾತಾಗಬಾರದು. ಅರಿಯುವುದು ಬೇರೆ, ಮನ್ನಿಸುವುದು ಬೇರೆ. ರನ್ನನಿಗೆ ಈ ಭೇದ ಚೆನ್ನಾಗಿ ತಿಳಿದಿತ್ತು.

ಆದಕಾರಣ ಸಹಪಾಠಿಗಳಲ್ಲಿ ನನ್ನ ಬಿನ್ನಹವಿಷ್ಟೆ. ಚಿತ್ರದಲ್ಲಿ ಬರೆದ ಪಾತ್ರವೆಂಬ ಮಾತ್ರಕ್ಕೆ ಅದನ್ನು ಹಗುರಾಗಿ ಕಾಣಬೇಡಿ. ನಮ್ಮ ಊರಿನಲ್ಲಿ ಸಹಿ ಹಾಕಿದವರ ಮಕ್ಕಳೂ, ಹಾಕದವರ ಮಕ್ಕಳೂ ಇಂದು ಒಂದೇ ರೈಲಿನಲ್ಲಿ ಬೆಂಗಳೂರಿಗೆ ಕೂಲಿಗೆ ಹೋಗಿ ಬರುತ್ತಾರೆ. ಅವರ ಎರಡೂ ಕಡೆಯ ಕಥೆಯನ್ನು ನಮ್ಮಲ್ಲಿ ಯಾರಾದರೂ ಕೇಳಿ ಬರೆದಿಡಬೇಕು. ಹೇಳತಕ್ಕವರು ದಿನೇ ದಿನೇ ಕಡಮೆಯಾಗುತ್ತಿದ್ದಾರೆ. ತಾತನ ಜೊತೆಗಾರರು ತೀರಿಕೊಂಡು ನಾಲ್ಕು ವರ್ಷಗಳಾದುವು. ಅವರ ಮನೆ ಎಲ್ಲಿಯೆಂದು ತಾತನಿಂದ ಗುರುತು ಕೇಳಿ ಇಟ್ಟುಕೊಂಡಿದ್ದೇನೆ. ಪರೀಕ್ಷೆ ಮುಗಿದ ಮೇಲೆ ತಾತನನ್ನು ಕರೆದುಕೊಂಡು ಒಂದು ದಿನ ಅಲ್ಲಿಗೆ ಹೋಗಬೇಕೆಂದಿದೆ. ತಾತ ಇನ್ನೂ ಒಪ್ಪಿಲ್ಲ.