ಜೀನ್ ಕೆಟ್ಟಿತೋ, ಅದರ ಕಟ್ಟು ಕೆಟ್ಟಿತೋ?

ಕ್ಯಾನ್ಸರ್ ಎಂದರೆ ಜೀನ್‌ಗಳ ಕಾಯಿಲೆ ಎಂದು ಹೇಳಿ ಮುಗಿಸುವುದು ರೂಢಿ. ಜಠರ ಮತ್ತು ದೊಡ್ಡಕರುಳಿನ ಕ್ಯಾನ್ಸರ್‌ಗಳನ್ನು ನೋಡಿದರೆ ಆ ಮಾತು ಅರ್ಧ ಮಾತ್ರ ನಿಜ.

ನಮ್ಮ ಒಂದೊಂದು ಜೀವಕೋಶದಲ್ಲೂ ಸುಮಾರು 2 ಮೀಟರ್ ಡಿಎನ್‌ಎ ಇದೆ. ಹಿಸ್ಟೋನ್ ಎಂಬ ಪ್ರೋಟೀನ್ ಉಂಡೆಗಳಿಗೆ ಅದು ಸುತ್ತಿಕೊಂಡಿರುತ್ತದೆ, ಒಂದೊಂದು ಉಂಡೆಗೂ 147 ಅಕ್ಷರಜೋಡಿಯಂತೆ. ಈ ಕಟ್ಟೇ ಕ್ರೊಮ್ಯಾಟಿನ್. ಕಟ್ಟು ಬಿಗಿಯಾದ ಕಡೆ ಜೀನ್ ಸುಮ್ಮನಿರುತ್ತದೆ, ಸಡಿಲಾದ ಕಡೆ ಕೆಲಸ ಮಾಡುತ್ತದೆ. ಉಂಡೆಗಳನ್ನು ಸರಿಸಿ ದಾರಿ ಬಿಡಿಸುವ ಪ್ರೋಟೀನ್ ಕೂಟಗಳೂ ಇವೆ. ಅಂಥದೊಂದು ಕೂಟದ ಭಾಗವಾದ ಎಆರ್‌ಐಡಿ1ಎ ಜಠರದ ಕ್ಯಾನ್ಸರ್‌ನಲ್ಲಿ ಪದೇ ಪದೇ ಪೆಟ್ಟು ತಿನ್ನುತ್ತದೆ. ಎಪ್‌ಸ್ಟೈನ್-ಬಾರ್ ವೈರಸ್ ಸೇರಿಕೊಂಡ ಗಡ್ಡೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಇದರ ಜೀನ್ ಕೆಟ್ಟಿರುವುದನ್ನು 2014ರ ಅಮೆರಿಕದ ದೊಡ್ಡ ಅಧ್ಯಯನ ತೋರಿಸಿತು. ಈ ಪ್ರೋಟೀನ್ ಕಳೆದುಕೊಂಡ ಗಡ್ಡೆಯ ತೆಳು ಪದರಕ್ಕೆ ಅದನ್ನು ಗುರುತಿಸುವ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿ: ಪಕ್ಕದ ಆರೋಗ್ಯವಂತ ಕೋಶಗಳ ಕೇಂದ್ರ ಕಂದು, ಕ್ಯಾನ್ಸರ್ ಕೋಶಗಳದ್ದು ಬರೀ ನೀಲಿ.

ಎಂಎಲ್‌ಎಚ್1 ಜೀನ್‌ನ ಕತೆ ಇದಕ್ಕೆ ತದ್ವಿರುದ್ಧ. ಡಿಎನ್‌ಎ ನಕಲಾಗುವಾಗ ನುಸುಳುವ ತಪ್ಪುಗಳನ್ನು ತಿದ್ದುವುದರಲ್ಲಿ ಅದಕ್ಕೆ ಪಾಲಿದೆ. ಅನೇಕ ಗಡ್ಡೆಗಳಲ್ಲಿ ಅದರ ಅಕ್ಷರಗಳು ನೆಟ್ಟಗಿರುತ್ತವೆ. ಜೀನ್‌ನ ಆರಂಭಕ್ಕೆ ಮೀಥೈಲ್ ಗುಂಪುಗಳು ಅಂಟಿಕೊಂಡು, ಅಲ್ಲಿನ ಕಟ್ಟನ್ನು ಬಿಗಿಗೊಳಿಸಿ ಅದರ ಬಾಯಿ ಮುಚ್ಚಿಸಿರುತ್ತವೆ. ಆಮೇಲೆ ಬೇರೆ ಜೀನ್‌ಗಳಲ್ಲಿ ತಪ್ಪುಗಳು ರಾಶಿ ಬೀಳುತ್ತವೆ. ಅಲ್ಲಿ ಅಕ್ಷರ ಕೆಟ್ಟು ಕಟ್ಟು ಹಾಳಾಯಿತು, ಇಲ್ಲಿ ಕಟ್ಟು ಹಾಳಾಗಿ ಅಕ್ಷರ ಕೆಟ್ಟಿತು. ಮೂಲ ಯಾವುದು ಎಂದು ಒಂದೇ ಉತ್ತರ ಹುಡುಕುವುದು ವ್ಯರ್ಥ ಎಂದೇ ನನ್ನ ಅಭಿಪ್ರಾಯ.

ಕಟ್ಟನ್ನು ಔಷಧದಿಂದ ಸರಿಪಡಿಸಬಹುದೆಂಬ ಆಸೆ ಸಹಜ. ಹಿಸ್ಟೋನ್ ಕಟ್ಟನ್ನು ಸಡಿಲಿಸುವ ವೊರಿನೋಸ್ಟಾಟ್‌ಗೆ 2006ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಆದರೆ ಚರ್ಮದ ಒಂದು ಬಗೆಯ ಲಿಂಫೋಮಾಕ್ಕೆ. ಜಠರ, ಕರುಳಿನ ಗಡ್ಡೆಗಳಲ್ಲಿ ಇಂಥ ಔಷಧಗಳು ಆ ಮಟ್ಟದ ಫಲ ಕೊಟ್ಟಿಲ್ಲ. ಬೇಕಾದ ಜೀನ್ ಒಂದನ್ನೇ ಆರಿಸಿ ತೆರೆಯುವ ಶಕ್ತಿ ಅವಕ್ಕಿಲ್ಲ.

ಈ ತಿಳಿವಳಿಕೆಯ ಲಾಭ ಸದ್ಯಕ್ಕೆ ಬೇರೆ ಕಡೆ ಇದೆ. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾದ ಸೋಂಕು ಜಠರದ ಒಳಪೊರೆಯಲ್ಲಿ ಮೀಥೈಲ್ ಗುರುತುಗಳನ್ನು ಹೆಚ್ಚಿಸುತ್ತದೆ. ಆ್ಯಂಟಿಬಯಾಟಿಕ್ ಕೊಟ್ಟು ಸೋಂಕು ವಾಸಿ ಮಾಡಿದರೆ ಕ್ಯಾನ್ಸರ್‌ನ ಅಪಾಯ ತಗ್ಗುತ್ತದೆ. ಎಂಎಲ್‌ಎಚ್1 ಸುಮ್ಮನಾದ ಗಡ್ಡೆಗಳಲ್ಲಿ ಹಲವು ಇಮ್ಯುನೊಥೆರಪಿಗೆ ಚೆನ್ನಾಗಿ ಮಣಿಯುತ್ತವೆ. ಮನೆಯಲ್ಲಿ ಯಾರಿಗಾದರೂ ಜಠರದ ಅಥವಾ ಕರುಳಿನ ಕ್ಯಾನ್ಸರ್ ಎಂದು ಬಯಾಪ್ಸಿ ವರದಿ ಬಂದಾಗ, ತಪ್ಪು ತಿದ್ದುವ ಈ ವ್ಯವಸ್ಥೆ ಕೆಟ್ಟಿದೆಯೇ ಎಂದು ತೋರಿಸುವ ಎಂಎಸ್‌ಐ ಪರೀಕ್ಷೆ ಮಾಡಿದ್ದೀರಾ ಎಂದು ವೈದ್ಯರನ್ನು ದಯವಿಟ್ಟು ಕೇಳಿ.